ಇನ್ನೊಂದು ರಾಜ್ಯಕ್ಕೆ ಕಾಲಿಟ್ರೆ ಲೆಕ್ಕ ಒಂದೇ ಕಡೆನಾ, ಬೇರೆ ಬೇರೆನಾ?



ಈ ವಾರದ ಪ್ರಶ್ನೆ ಹುಬ್ಬಳ್ಳಿಯ ಒಬ್ಬ ಕೇಳುಗರದ್ದು. ಮನೆಯವರದ್ದು ಚಟ್ನಿಪುಡಿ, ಮಸಾಲೆ ವ್ಯಾಪಾರ. ತಯಾರಿ ಹುಬ್ಬಳ್ಳಿಯಲ್ಲಿ, ಅಂಗಡಿ ಬೆಂಗಳೂರಲ್ಲಿ, ಈಗ ಪುಣೆಯಲ್ಲಿ ಗೋಡೌನ್ ಹಾಕ್ತಿದ್ದಾರೆ. ಅಪ್ಪ ಅಂತಾರಂತೆ, "ಪುಣೆ ಲೆಕ್ಕ ಬ್ಯಾರೇನ ಇರ್ಲಿ, ಅಲ್ಲಿ ಏನರ ಆದ್ರ ಇಲ್ಲಿಗೆ ತಟ್ಟಬಾರ್ದು." ಅಣ್ಣನಿಗೆ ಎಲ್ಲಾ ಒಂದೇ ಸಾಫ್ಟ್‌ವೇರಲ್ಲಿ ಬೇಕು. ಬ್ಯಾಂಕಿಗೆ ವರ್ಕಿಂಗ್ ಕ್ಯಾಪಿಟಲ್ ಸಾಲದ ಅರ್ಜಿ ಹೋಗ್ಬೇಕು, ಸ್ಟಾಕ್ ಸ್ಟೇಟ್‌ಮೆಂಟ್ ಸರಿ ಇಲ್ದಿದ್ರೆ ಸಾಲ ನಿಲ್ಲುತ್ತೆ. ಹಾಗಾಗಿ ಇದು ಬರೀ ಕಂಪ್ಯೂಟರ್ ವಿಷಯ ಅಲ್ಲ, ಮನೆ ಜಗಳ ಕೂಡ.

ಮೊದಲು ಒಂದು ಗೊಂದಲ ಬಿಡಿಸೋಣ. ಜಿಎಸ್‌ಟಿ ನೋಂದಣಿ ರಾಜ್ಯಕ್ಕೊಂದು. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತೆ, ಮಹಾರಾಷ್ಟ್ರದ್ದು 27ರಿಂದ. ಬೆಂಗಳೂರು ಅಂಗಡಿಗೆ ಹೊಸ ನಂಬರ್ ಕಡ್ಡಾಯ ಅಲ್ಲ, ಇರೋದಕ್ಕೇ ಇನ್ನೊಂದು ವ್ಯಾಪಾರ ಸ್ಥಳ ಅಂತ ಸೇರಿಸಬಹುದು. ಪುಣೆಗೆ ಬೇರೆ ನಂಬರ್ ಬೇಕೇ ಬೇಕು. ಆದ್ರೆ ನಂಬರ್ ಬೇರೆ ಅಂದ್ರೆ ಸಾಫ್ಟ್‌ವೇರ್ ಬೇರೆ ಇರ್ಬೇಕು ಅಂತ ಅರ್ಥ ಅಲ್ಲ. ಪ್ಯಾನ್ ಒಂದೇ, ಆದಾಯ ತೆರಿಗೆ ರಿಟರ್ನ್ ಒಂದೇ, ಲಾಭ ನಷ್ಟದ ಲೆಕ್ಕವೂ ಕೊನೆಗೆ ಒಂದೇ.

"ಬೇರೆ ಇಟ್ರೆ ಟರ್ನೋವರ್ ಕಮ್ಮಿ ಕಾಣುತ್ತೆ" ಅಂತ ಕೆಲವರು ಕಿವಿಯಲ್ಲಿ ಹೇಳ್ತಾರೆ. ಕಾಣಲ್ಲ. ಇ-ಇನ್‌ವಾಯ್ಸ್‌ನ 5 ಕೋಟಿ ಮಿತಿಗೆ ಆ ಪ್ಯಾನ್ ಮೇಲಿನ ಇಡೀ ದೇಶದ ವಹಿವಾಟನ್ನ ಕೂಡಿಸ್ತಾರೆ.

ಈಗ ಅಸಲಿ ವಿಷಯ, ಸ್ಟಾಕ್. ಹುಬ್ಬಳ್ಳಿಯಿಂದ ಪುಣೆಗೆ ಮಾಲು ಕಳಿಸಿದ್ರೆ ದುಡ್ಡು ಕೈ ಬದಲಾಗಲ್ಲ, ಎರಡೂ ನಿಮ್ಮದೇ. ಆದ್ರೂ ಜಿಎಸ್‌ಟಿ ಕಣ್ಣಲ್ಲಿ ಅವು ಇಬ್ಬರು ಬೇರೆ ವ್ಯಕ್ತಿಗಳು. ಹುಬ್ಬಳ್ಳಿ ಇನ್‌ವಾಯ್ಸ್ ಹಾಕಿ ಐಜಿಎಸ್‌ಟಿ ತೋರಿಸ್ಬೇಕು, ಪುಣೆ ಅದನ್ನ ಕ್ರೆಡಿಟ್ ಆಗಿ ತಗೋಬೇಕು. ಎರಡು ಸಾಫ್ಟ್‌ವೇರ್ ಇದ್ರೆ ಇದೇ ಎಂಟ್ರಿಯನ್ನ ಇಬ್ಬರು, ಎರಡು ಊರಲ್ಲಿ, ಎರಡು ಸಲ ಟೈಪ್ ಮಾಡ್ತಾರೆ. ಒಬ್ಬರು 480 ಪ್ಯಾಕೆಟ್ ಅಂತ ಹಾಕಿ ಇನ್ನೊಬ್ಬರು 408 ಅಂತ ಹಾಕಿದ್ರೆ ಗೊತ್ತಾಗೋದು ತಿಂಗಳ ಕೊನೆಗೆ. ಹೆಸರಿನ ಗಲಾಟೆ ಬೇರೆ. ಹುಬ್ಬಳ್ಳಿಯಲ್ಲಿ ಶೇಂಗಾ ಚಟ್ನಿ, ಬೆಂಗಳೂರಲ್ಲಿ ಕಡಲೆಕಾಯಿ ಚಟ್ನಿಪುಡಿ, ಪುಣೆ ಹುಡುಗ ಶೇಂಗದಾಣಾ ಚಟಣಿ ಅಂತ ಹಾಕ್ತಾನೆ. ಕೂಡಿಸೋಕೆ ಹೋದ್ರೆ ಒಂದೇ ಮಾಲು ಮೂರು ಐಟಂ ಆಗಿ ಕೂತಿರುತ್ತೆ. ಬ್ಯಾಂಕಿಗೆ ಯಾವ ಲೆಕ್ಕ ಕೊಡ್ತೀರಾ?

ಮೊದಲು ಟ್ಯಾಲಿಯಲ್ಲಿ ಜಿಎಸ್‌ಟಿ ನಂಬರಿಗೊಂದು ಕಂಪನಿ ತೆರೆದು, ಆಮೇಲೆ ಗ್ರೂಪ್ ಕಂಪನಿ ಮಾಡಿ ಕೂಡಿಸೋದು ರೂಢಿ. 2023ರಲ್ಲಿ ಬಂದ ಟ್ಯಾಲಿಪ್ರೈಮ್ 3.0ಯಿಂದ ಒಂದೇ ಕಂಪನಿಯೊಳಗೆ ಹಲವು ಜಿಎಸ್‌ಟಿ ನಂಬರ್ ಇಡಬಹುದು. ಹಾಗಾಗಿ ನನ್ನ ವೋಟು ಅಣ್ಣನಿಗೆ.

ಆದ್ರೆ ಅಪ್ಪನ ಭಯ ಸುಳ್ಳಲ್ಲ. ಎಲ್ಲಾ ಒಂದೇ ಕಡೆ ಇದ್ರೆ, ಹುಬ್ಬಳ್ಳಿಯ ಕಂಪ್ಯೂಟರ್ ಕೈ ಕೊಟ್ಟ ದಿನ ಪುಣೆಯಲ್ಲೂ ಬಿಲ್ ಆಗಲ್ಲ. ದಿನಾ ಬ್ಯಾಕಪ್ ತಗೊಂಡು ಒಂದು ಪ್ರತಿ ಆ ಕಟ್ಟಡದ ಹೊರಗೆ ಇಡ್ಲೇಬೇಕು. ಪುಣೆ ಹುಡುಗನಿಗೆ ಬೇರೆ ಲಾಗಿನ್ ಕೊಡಿ, ಸಂಬಳದ ಲೆಡ್ಜರ್ ಅವನು ನೋಡೋ ಅಗತ್ಯ ಇಲ್ಲ. ಬಿಲ್ ಸೀರೀಸ್ ಊರಿಗೊಂದು ಇರಲಿ, ನಂಬರ್ 16 ಅಕ್ಷರ ದಾಟಬಾರದು.

ಪುಣೆಗೆ ಹೊರಗಿನ ಪಾಲುದಾರ ಬಂದು ಹೊಸ ಸಂಸ್ಥೆಯಾದ್ರೆ ಕಥೆನೇ ಬೇರೆ. ಪ್ಯಾನ್ ಬೇರೆ, ಪುಸ್ತಕವೂ ಬೇರೆ, ಚರ್ಚೆನೇ ಬೇಡ.

ಎರಡನೇ ಪ್ರತಿ ಬೇಕಾಗೋ ಜಾಗ ಇನ್ನೊಂದಿದೆ, ಪ್ರಯೋಗಕ್ಕೆ. ಬ್ಯಾಕಪ್‌ನ ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ, ಕಂಪನಿ ಹೆಸರಿನ ಮುಂದೆ "ಟೆಸ್ಟ್" ಅಂತ ಹಾಕಿ, ಪುಣೆ ನಂಬರ್ ಸೇರಿಸೋದು, ಸ್ಟಾಕ್ ಕಳಿಸೋದು, ರಿಟರ್ನ್ ತೆಗೆಯೋದು ಎಲ್ಲಾ ಅಲ್ಲಿ ಮಾಡಿ ನೋಡಿ. ದೊಡ್ಡ ಕಂಪನಿಗಳು ಟೆಸ್ಟ್, ಪ್ರೊಡಕ್ಷನ್ ಅಂತ ಬೇರೆ ಇಡೋದೂ ಇದಕ್ಕೇನೇ. ಆ ಪ್ರತಿಯಿಂದ ನಿಜವಾದ ಇ-ಇನ್‌ವಾಯ್ಸ್ ಮಾತ್ರ ಕಳಿಸ್ಬೇಡಿ.

ಇನ್ನು ಯಾವಾಗ ಬದಲಾಯಿಸೋದು? ಅಮೆರಿಕದ ಚಾಕೊಲೇಟ್ ಕಂಪನಿ ಹರ್ಶೀಸ್ 1999ರ ಬೇಸಿಗೆಯಲ್ಲಿ, ಹ್ಯಾಲೋವೀನ್ ಸೀಸನ್ ಎದುರಿಗಿರುವಾಗ, ಹೊಸ ಸಿಸ್ಟಂಗಳನ್ನ ಒಟ್ಟಿಗೇ ಚಾಲೂ ಮಾಡ್ತು. ಗೋಡೌನಲ್ಲಿ ಮಾಲಿತ್ತು, ಅಂಗಡಿಗಳಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ನಿಮಗೆ ದಸರಾ, ದೀಪಾವಳಿ ಸೀಸನ್ ಇದ್ಯಲ್ಲ, ಅದರ ಹತ್ತಿರ ಇದನ್ನ ಮುಟ್ಟಬೇಡಿ. ಏಪ್ರಿಲ್ 1 ಒಳ್ಳೇದು, ಹೊಸ ಹಣಕಾಸು ವರ್ಷ, ಹೊಸ ಬಿಲ್ ಸೀರೀಸ್. ಅದಕ್ಕೆ ಮುಂಚೆ ಮಾರ್ಚಲ್ಲೇ ಮೂರೂ ಕಡೆ ಸ್ಟಾಕ್ ಎಣಿಸಿ, ಐಟಂ ಹೆಸರು ಒಂದು ಮಾಡ್ಕೊಳ್ಳಿ. ಶೇಂಗಾನೋ ಕಡಲೆಕಾಯಿನೋ, ಅದನ್ನ ಅಪ್ಪನೇ ತೀರ್ಮಾನ ಮಾಡ್ಲಿ.