ಘಟಕವೂ ಅದರ ಶೈಲಿಪತ್ರವೂ

ನಾವು ಗಣಕಯಂತ್ರದಲ್ಲಿ ತೆರೆದು ನೋಡುವ ಜಾಲಪುಟವು ಅಚ್ಚಾದ ಒಂದೇ ಹಾಳೆಯಂತೆ ತೋರುವುದಾದರೂ ವಾಸ್ತವದಲ್ಲಿ ಹಲವು ತುಂಡುಗಳನ್ನು ಕೂಡಿಸಿ ಕಟ್ಟಿದುದಾಗಿರುತ್ತದೆ. ಮೇಲ್ಗಡೆ ಸಂಸ್ಥೆಯ ಹೆಸರು, ಪಕ್ಕದಲ್ಲಿ ಪ್ರಕಟಣೆಗಳು, ನಡುವೆ ಪರೀಕ್ಷೆಯ ವೇಳಾಪಟ್ಟಿ, ಹೀಗೆ. ಇಂತಹ ಒಂದೊಂದು ತುಂಡನ್ನೂ ಕಾಂಪೊನೆಂಟ್ ಎಂದು ಕರೆಯುವ ರೂಢಿಯಿದೆ, ನಾವು ಘಟಕವೆನ್ನೋಣ. ಘಟಕದಲ್ಲಿ ಏನಿರಬೇಕೆಂಬುದನ್ನು ಎಚ್.ಟಿ.ಎಂ.ಎಲ್. ಹೇಳುತ್ತದೆ. ಅದು ಹೇಗೆ ಕಾಣಬೇಕು, ಬಣ್ಣವೇನು, ಅಕ್ಷರದ ಗಾತ್ರವೆಷ್ಟು, ಸಾಲಿನ ಎತ್ತರವೆಷ್ಟು ಎಂಬುದನ್ನು ವಿಧಿಸತಕ್ಕದ್ದು ಸಿ.ಎಸ್.ಎಸ್. ಎಂಬ ಶೈಲಿಪತ್ರ. ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು 1994ರಲ್ಲಿ ಇದನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಇದರ ಮೊದಲ ಆವೃತ್ತಿಯು ಅಂಗೀಕೃತವಾಯಿತು.

ಇಡೀ ತಾಣದ ಶೈಲಿಯನ್ನು ಒಂದೇ ಪತ್ರದಲ್ಲಿ ಬರೆದಿಡುವುದು ಹಳೆಯ ಪದ್ಧತಿ. ತಾಣವು ಸಣ್ಣದಾಗಿರುವಾಗ ಇದರಿಂದ ತೊಂದರೆಯಿಲ್ಲ. ಆದರೆ ವೇಳಾಪಟ್ಟಿಯ ಘಟಕವನ್ನು ಬೇರೊಂದು ತಾಣದಲ್ಲಿ ಬಳಸಬೇಕಾಯಿತೆಂದು ಭಾವಿಸಿರಿ. ಘಟಕವು ಹೋಯಿತು, ಶೈಲಿಯು ಹಿಂದೆಯೇ ಉಳಿಯಿತು. ಇದು ಬರಿಯ ಅಂದಚೆಂದದ ಮಾತೆಂದು ಯಾರೂ ತಿಳಿಯಬಾರದು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಗಳನ್ನೇ ಮನಸ್ಸಿನಲ್ಲಿಟ್ಟು ಸಾಲಿನ ಎತ್ತರವನ್ನು ಬಿಗಿಮಾಡಿ, ಮೀರಿದ ಭಾಗವನ್ನು ಮರೆಮಾಡಬೇಕೆಂದು ವಿಧಿಸಿರುವ ಪುಟಕ್ಕೆ ನಮ್ಮ ಘಟಕವು ಹೋಗಿ ಸೇರಿದರೆ ಒತ್ತುಗಳು ಕತ್ತರಿಸಿಹೋಗಿ 'ಕನ್ನಡ'ವು 'ಕನಡ'ವಾಗಬಹುದು, 'ಪದ್ಮ' ಎಂಬ ಹೆಸರು 'ಪದ' ಎಂದಾಗಬಹುದು. ಅದನ್ನೋದಿದ ತಂದೆತಾಯಿಗಳು ಉಪಾಧ್ಯಾಯರಿಗೇ ಕಾಗುಣಿತ ಬಾರದೆಂದು ತಿಳಿದರೆ ಆಶ್ಚರ್ಯವೇನು?

ಯಕ್ಷಗಾನದ ಮೇಳದವರು ಯಾವ ಊರಿನ ಬಯಲಿಗೆ ಹೋದರೂ ಕಿರೀಟ, ಭುಜಕೀರ್ತಿಗಳನ್ನು ತಮ್ಮ ಪೆಟ್ಟಿಗೆಯಲ್ಲಿಯೇ ಒಯ್ಯುತ್ತಾರೆ. ಆಟ ಆಡಿಸುವವರ ಮನೆಯಲ್ಲಿ ಕಿರೀಟವಿದ್ದೀತೆಂದು ನೆಚ್ಚಿ ಹೊರಡುವುದಿಲ್ಲ. ಘಟಕವೂ ಹಾಗೆಯೇ ತನ್ನ ಶೈಲಿಪತ್ರವನ್ನು ತಾನೇ ಒಯ್ಯುವಂತೆ ಮಾಡಬಹುದು. ಜಾವಾ ಭಾಷೆಯಲ್ಲಿ ಜಾಲತಾಣ ಕಟ್ಟುವುದಕ್ಕಿರುವ ಚೌಕಟ್ಟುಗಳಲ್ಲೊಂದಾದ ಅಪಾಚೆ ವಿಕೆಟ್ಟಿನಲ್ಲಿ ಇದರ ವ್ಯವಸ್ಥೆ ಬಹು ಸರಳವಾಗಿದೆ.

ವಿಕೆಟ್ಟಿನಲ್ಲಿ ಘಟಕದ ಜಾವಾ ಕಡತವೂ ಎಚ್.ಟಿ.ಎಂ.ಎಲ್. ಕಡತವೂ ಒಂದೇ ಹೆಸರಿನಿಂದ ಅಕ್ಕಪಕ್ಕದಲ್ಲಿರುವುದು ವಾಡಿಕೆ. ಶೈಲಿಪತ್ರವನ್ನೂ ಅವುಗಳ ಮಗ್ಗುಲಲ್ಲಿಯೇ ಇಡಬೇಕು. ಅನಂತರ ಘಟಕದ ಜಾವಾ ಬರವಣಿಗೆಯಲ್ಲಿ 'ರೆಂಡರ್‌ಹೆಡ್' ಎಂಬ ವಿಧಿಯನ್ನು ಬರೆದು, ಯಾವ ಕ್ಲಾಸಿನ ಪಕ್ಕದಲ್ಲಿ ಹುಡುಕಬೇಕು, ಕಡತದ ಹೆಸರೇನು ಎಂಬ ಎರಡೇ ಸಂಗತಿಗಳನ್ನು ತಿಳಿಸಿದರೆ ಸಾಕು. ಘಟಕವು ಯಾವ ಪುಟದಲ್ಲಿ ಕುಳಿತರೂ ಆ ಪುಟದ ಶಿರೋಭಾಗದಲ್ಲಿ ಶೈಲಿಪತ್ರದ ಕೊಂಡಿಯನ್ನು ವಿಕೆಟ್ ತಾನಾಗಿ ಬರೆಯುತ್ತದೆ. ಪುಟವನ್ನು ರಚಿಸಿದವರಿಗೆ ಅಂತಹ ಪತ್ರವೊಂದಿದೆಯೆಂಬುದು ತಿಳಿದಿರಬೇಕಾಗಿಯೂ ಇಲ್ಲ. ಒಂದೇ ಪುಟದಲ್ಲಿ ಹತ್ತು ವೇಳಾಪಟ್ಟಿಗಳಿದ್ದರೂ ಕೊಂಡಿಯು ಒಂದೇ ಸಲ ಬರುತ್ತದೆ. ವೇಳಾಪಟ್ಟಿಯಿಲ್ಲದ ಪುಟಕ್ಕೆ ಬರುವುದೇ ಇಲ್ಲ. ಎಲ್ಲಕ್ಕೂ ಆಧಾರವಾದ ಮತ್ತೊಂದು ಪತ್ರವು ಮೊದಲು ಬರಬೇಕಾಗಿದ್ದರೆ ಅದನ್ನು ಅವಲಂಬನೆಯೆಂದು ಘೋಷಿಸಬಹುದು.

ಇಲ್ಲಿ ಹೊಸಬರು ಎಡವುವ ಸ್ಥಳವೊಂದುಂಟು. ಶೈಲಿಪತ್ರವು ಘಟಕದೊಡನೆ ಬರುತ್ತದೆ ಎಂದಮಾತ್ರಕ್ಕೆ ಅದರ ಆಜ್ಞೆ ಘಟಕದೊಳಗೆ ಮಾತ್ರ ನಡೆಯುತ್ತದೆಂದು ಅರ್ಥವಲ್ಲ. ಪುಟಕ್ಕೆ ಬಂದ ಮೇಲೆ ಅದು ಇಡೀ ಪುಟದ ಆಸ್ತಿ. 'ಕೋಷ್ಟಕಗಳೆಲ್ಲ ಹಳದಿಯಾಗಲಿ' ಎಂದು ಬರೆದರೆ ನೆರೆಯ ಘಟಕದ ಅಂಕಪಟ್ಟಿಯೂ ಹಳದಿಯಾಗುತ್ತದೆ! ಆದುದರಿಂದ ಘಟಕದ ಹೊರ ಆವರಣಕ್ಕೆ ವಿಶಿಷ್ಟವಾದ ಒಂದು ಹೆಸರನ್ನು ಕೊಟ್ಟು, ಪ್ರತಿಯೊಂದು ನಿಯಮವನ್ನೂ 'ಈ ಹೆಸರಿನ ಆವರಣದೊಳಗಿನ ಕೋಷ್ಟಕ' ಎಂದೇ ಆರಂಭಿಸಬೇಕು. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು: ಹೀಗೆ ಹೆಸರು ಹಿಡಿದು ಹೇಳಿದ ನಿಯಮವು ಸಾಮಾನ್ಯವಾಗಿ ಹೇಳಿದುದಕ್ಕಿಂತ ಬಲವುಳ್ಳದ್ದು. ಆತಿಥೇಯ ಪುಟವು ಕೋಷ್ಟಕದ ಮನೆಗಳ ಎತ್ತರವನ್ನು ಬಿಗಿಮಾಡಿದ್ದರೂ ನಮ್ಮ ಪತ್ರದ ಸಡಿಲವಾದ ಎತ್ತರವೇ ಗೆಲ್ಲುತ್ತದೆ, ಒತ್ತುಗಳು ಉಳಿಯುತ್ತವೆ.

ಮತ್ತೊಂದು ಸಣ್ಣ ಸಂಗತಿ. ಮೇವನ್ ಎಂಬ ಸಾಧನದಿಂದ ಕಟ್ಟುವವರು ಜಾವಾ ಕಡತಗಳ ಕೋಶದಲ್ಲಿಟ್ಟ ಶೈಲಿಪತ್ರವನ್ನೂ ಗಂಟಿಗೆ ಸೇರಿಸಬೇಕೆಂದು ಅದಕ್ಕೆ ಸ್ಪಷ್ಟವಾಗಿ ಹೇಳಬೇಕು. ಇಲ್ಲವಾದರೆ ಅದು ಜಾವಾ ಅಲ್ಲದ ಕಡತಗಳನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ. ಪತ್ರವು ಸರಿಯಾಗಿದ್ದೂ ಪುಟದಲ್ಲಿ ಕಾಣಿಸದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಉತ್ಸಾಹವುಳ್ಳ ಹಿರಿಯ ತರಗತಿಯ ವಿದ್ಯಾರ್ಥಿಗಳು ಪರೀಕ್ಷಿಸಿ ನೋಡಬಹುದು. ಘಟಕವನ್ನು ಒಮ್ಮೆ ಬರಿದಾದ ಪುಟದಲ್ಲಿಯೂ ಇನ್ನೊಮ್ಮೆ ಬೇರೆ ಘಟಕಗಳಿಂದ ಕಿಕ್ಕಿರಿದ ಪುಟದಲ್ಲಿಯೂ ಇರಿಸಿ, ಅದರೊಳಗೆ 'ಕನ್ನಡ', 'ಸ್ವಾತಂತ್ರ್ಯ', 'ರಾಷ್ಟ್ರ' ಎಂಬ ಮೂರು ಶಬ್ದಗಳನ್ನು ಬರೆದು, ಎರಡು ಕಡೆಯೂ ಕೆಳಗಿನ ಒತ್ತುಗಳು ಪೂರ್ಣವಾಗಿ ಕಾಣುತ್ತವೆಯೇ ಎಂದು ನೋಡಬೇಕು.