ಅಜ್ಜಿಯ ಕೊನೆಯ ‘ಮಗ’

ಅಜ್ಜಿಯ ವರ್ಷದ ತಿಥಿಗೆ ಒಂದು ವಿಡಿಯೊ ಮಾಡ್ಕೊಡು ಅಂತ ಅಪ್ಪ ಹೇಳಿದಾಗ, ‘ಅದೇನ್ ಮಹಾ, ಒಂದು ರಾತ್ರಿ ಕೆಲಸ’ ಅಂದ್ಕೊಂಡೆ. ಮಾಡೋದು ಸಾಫ್ಟ್‌ವೇರ್ ಕೆಲಸ ನೋಡಿ, ಆ ಧೈರ್ಯ!

ಎರಡು ಭಾನುವಾರ ಬೈಕಲ್ಲಿ ಸುತ್ತಿದೆ. ಶ್ರೀರಂಗಪಟ್ಟಣದಲ್ಲಿ ದೊಡ್ಡತ್ತೆ ಕಾವೇರಿ ದಂಡೆ ಮೇಲೆ ಕೂತು ಮಾತಾಡಿದರು. ಪಾಂಡವಪುರದಲ್ಲಿ ಚಿಕ್ಕಪ್ಪನ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಗುಡುಗುತ್ತಿತ್ತು. ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲಿನಲ್ಲಿ ಚಿಕ್ಕತ್ತೆಯ ಮನೆ ತಣ್ಣಗಿತ್ತು. ಕೊನೆಗೆ, ನಾಗಮಂಗಲದ ನಮ್ಮನೆ ಹಿತ್ತಲಲ್ಲಿ ಹಿಂದೆಂದೋ ಫೋನಲ್ಲಿ ಹಿಡಿದಿದ್ದ ಅಜ್ಜಿಯ ಮಾತು: ‘ಉಸಾರಾಗ್ ಹೋಗ್ಬುಟ್ ಬಾ ಮಗ.’

ಜೋಡಿಸಿದರೆ ಚಿತ್ರ ಚೆನ್ನಾಗಿತ್ತು, ಶಬ್ದ ಮಾತ್ರ ಮುಗ್ಗರಿಸುತ್ತಿತ್ತು. ಹೊಳೆ ಸದ್ದು ತಟ್ಟನೆ ನಿಂತು ಟ್ರ್ಯಾಕ್ಟರ್ ಧುತ್ತೆಂದು ಬರೋದು. ಇದಕ್ಕೆ ಮದ್ದು ಕ್ರಾಸ್‌ಫೇಡ್: ಒಂದು ಕ್ಲಿಪ್ಪಿನ ಶಬ್ದ ಇಳಿಯುತ್ತಿರುವಾಗಲೇ ಇನ್ನೊಂದರದು ಏರುವುದು. ಪ್ರೀಮಿಯರ್ ಪ್ರೊದಲ್ಲಿ ‘ಕಾನ್‌ಸ್ಟಂಟ್ ಗೇನ್’ ಹಾಕಿದೆ. ನಡುವೆ ಶಬ್ದ ಕುಸಿದಂತಾಯಿತು. ಅದರಲ್ಲಿ ಎರಡೂ ಶಬ್ದ ನೇರ ಗೆರೆಯಲ್ಲಿ ಏರಿಳಿದು ನಡುಮಧ್ಯೆ ಅರ್ಧರ್ಧಕ್ಕೆ ಬರುತ್ತವೆ. ಹೊಳೆ, ಟ್ರ್ಯಾಕ್ಟರ್‌ನಂಥ ಸಂಬಂಧವಿಲ್ಲದ ಶಬ್ದಗಳು ಹಾಗೆ ಸೇರಿದರೆ ಒಟ್ಟು ಮಟ್ಟ ಸುಮಾರು 3 ಡೆಸಿಬಲ್ ಇಳಿಯುತ್ತೆ. ‘ಕಾನ್‌ಸ್ಟಂಟ್ ಪವರ್’ನಲ್ಲಿ ನಡುವೆ ತಲಾ ಶೇ. 70ರಷ್ಟು ಇರುವುದರಿಂದ ಆ ಗುಂಡಿ ಬೀಳಲ್ಲ. ಹಾಕಿದೆ, ಸರಿಹೋಯ್ತು.

ಆದರೆ ಅಜ್ಜಿಯ ಕ್ಲಿಪ್ಪಿನಿಂದ ಅಪ್ಪನ ಮಾತಿಗೆ ದಾಟುವ ಕಡೆ ‘ಬಾ...’ ಅಂತಷ್ಟೇ ಕೇಳಿಸಿತು. ‘ಮಗ’ ಕರಗಿಹೋಗಿತ್ತು!

ತಪ್ಪು ನನ್ನದೇ. ಕ್ರಾಸ್‌ಫೇಡ್ ಹೊಸ ಶಬ್ದ ಹುಟ್ಟಿಸಲ್ಲ, ಕತ್ತರಿಸಿದ ಜಾಗದ ಆಚೆ ಉಳಿದಿರುವ ರೆಕಾರ್ಡಿಂಗನ್ನೇ ಬಳಸಿಕೊಳ್ಳುತ್ತೆ. ಅಜ್ಜಿ ಮಾತು ಮುಗಿಸಿದ ತಕ್ಷಣ ನಾನು ಬಟನ್ ಒತ್ತಿಬಿಟ್ಟಿದ್ದೆ. ಆಚೆ ಏನೂ ಉಳಿದಿರಲಿಲ್ಲ. ಹಾಗಾಗಿ ಇಳಿತ ಆ ಪದದ ಮೇಲೇ ಬಿತ್ತು.

ಮುಂದಿನ ಶನಿವಾರ ನಾಗಮಂಗಲಕ್ಕೆ ಹೋಗಿ, ಅದೇ ಹಿತ್ತಲಲ್ಲಿ ಯಾರೂ ಮಾತಾಡದ 30 ಸೆಕೆಂಡು ರೆಕಾರ್ಡ್ ಮಾಡಿದೆ. ಗಾಳಿ, ತೆಂಗಿನ ಗರಿ, ದೂರದ ಕೋಳಿ, ಅಷ್ಟೇ. ಅದನ್ನು ಬೇರೆ ಟ್ರ್ಯಾಕಿನಲ್ಲಿ ಅಜ್ಜಿಯ ಮಾತಿನ ಕೆಳಗೆ ಮೆಲ್ಲಗೆ ಶುರುಮಾಡಿ, ಮಾತು ಮುಗಿದ ಮೇಲೂ ಎರಡು ಸೆಕೆಂಡು ಓಡಲು ಬಿಟ್ಟೆ. ಕ್ರಾಸ್‌ಫೇಡ್ ಹಾಕಿದ್ದು ಆ ಹಿತ್ತಲ ಸದ್ದಿಗೂ ಅಪ್ಪನ ಕ್ಲಿಪ್ಪಿಗೂ ಮಧ್ಯೆ. ಅಜ್ಜಿಯ ಪದ ಮುಟ್ಟಲಿಲ್ಲ.

ತಿಥಿ ದಿನ ಟಿವಿಯಲ್ಲಿ ಹಾಕಿದಾಗ ಅಪ್ಪ, ‘ಇನ್ನೊಂದ್ ಸಲ ಹಾಕ್ಲಾ’ ಅಂದರು.

ನಿಮ್ಮನೆ ಹಿರಿಯರ ಮಾತು ರೆಕಾರ್ಡ್ ಮಾಡ್ತಿದ್ದೀರಾ? ಅವರು ಮಾತು ನಿಲ್ಲಿಸಿದ ಮೇಲೂ ಐದು ಸೆಕೆಂಡು ಫೋನ್ ಹಿಡಿದೇ ಇರಿ.