ಸೀಳಿದ ಸ್ಪೀಕರಿನ ಸದ್ದು

ಲಂಡನ್ನಿನ ಮಸ್ವೆಲ್ ಹಿಲ್ ಬಡಾವಣೆಯ ಹದಿಹರೆಯದ ಹುಡುಗನೊಬ್ಬ ತನ್ನ ಪುಟ್ಟ ಎಲ್ಪಿಕೋ ಆಂಪ್ಲಿಫೈಯರಿನ ಸ್ಪೀಕರನ್ನು ಕ್ಷೌರದ ಬ್ಲೇಡಿನಿಂದ ಸೀಳಿಹಾಕಿದನು. ಹರಿದ ಕಾಗದ ಅದುರಿ, ಗಿಟಾರು ಗುರುಗುಟ್ಟಿತು. ಡೇವ್ ಡೇವಿಸ್‌ಗೆ ಬೇಕಾಗಿದ್ದುದೂ ಅದೇ! ಆ ಸದ್ದನ್ನು ಆತ ದೊಡ್ಡ ವಾಕ್ಸ್ ಆಂಪ್ಲಿಫೈಯರಿಗೆ ಹಾಯಿಸಿದನು.

'ಕಿಂಕ್ಸ್' ತಂಡದ ಮೊದಲೆರಡು ಧ್ವನಿಮುದ್ರಿಕೆಗಳು ಸೋತಿದ್ದವು. ಮೂರನೆಯದೂ ಬಿದ್ದರೆ ಉಳಿಗಾಲವಿರಲಿಲ್ಲ. ಆದರೂ ನಯವಾಗಿ ಮುದ್ರಿತವಾದ ಹಾಡನ್ನು ಒಪ್ಪದೆ, ಅಣ್ಣ ರೇ ಹಟ ಹಿಡಿದು ಮತ್ತೆ ಮುದ್ರಿಸಿದನು. ೧೯೬೪ರ ಸೆಪ್ಟೆಂಬರಿನಲ್ಲಿ 'ಯು ರಿಯಲಿ ಗಾಟ್ ಮಿ' ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿತು. ಕಾರಿನ ಶೆಡ್ಡುಗಳಲ್ಲಿ ಅಭ್ಯಾಸ ಮಾಡುತ್ತಿದ್ದ ತರುಣರ 'ಗ್ಯಾರೇಜ್ ರಾಕ್'ಗೆ ಅದು ಮೇಲ್ಪಂಕ್ತಿಯಾಯಿತು.

ಈ ನಾದವನ್ನು ಬಯಸುವವರು ಈಗ ಸ್ಪೀಕರನ್ನು ಸೀಳಬೇಕಾಗಿಲ್ಲ. ಕಾಲಿನಿಂದೊತ್ತುವ 'ಫಝ್' ಪೆಟ್ಟಿಗೆ ಸಾಕು. ಇದ್ದ ಹಣವನ್ನೆಲ್ಲ ಗಿಟಾರಿಗೇ ಸುರಿಯುವುದು ಹೊಸಬರ ತಪ್ಪು. ಐದು ವಾಟಿನ ವಾಲ್ವ್ ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ತಿ ಏರಿಸಿದರೆ ಅದು ತಾನಾಗಿಯೇ ಒರಲುತ್ತದೆ. ನೆರೆಮನೆಯವರ ನಿದ್ರೆಯ ಮಾತು ಬೇರೆ! ಗಿಟಾರಿನ ಯೋಚನೆ ಕೊನೆಗೆ. ಡೆಟ್ರಾಯಿಟಿನ ಜ್ಯಾಕ್ ವೈಟ್ ಖ್ಯಾತನಾದದ್ದು, ಹಿಂದೆ ಅಮೆರಿಕದ ಅಂಗಡಿಯೊಂದರ ಕ್ಯಾಟಲಾಗಿನಲ್ಲಿ ಬಿಕರಿಯಾಗುತ್ತಿದ್ದ, ಫೈಬರ್‌ಗ್ಲಾಸ್ ಮೈಯ ಏರ್‌ಲೈನ್ ಗಿಟಾರನ್ನು ನುಡಿಸಿಯೇ.